ಓಡುವ ಬಸ್ಸಿನಲ್ಲಿ ಎಲ್ಲಿಗೆ ಓಡುವುದು

ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಕಂಡಕ್ಟರ್ ಕೆಲಸಕ್ಕೆ ಆಯ್ಕೆ ಮಾಡುವಾಗ ಅಳತೆ ಕಂಬದ ಕೆಳಗೆ ನಿಂತು ಕತ್ತನ್ನು ಎಷ್ಟು ಮೇಲಕ್ಕೆ ಎಳೆದುಕೊಂಡಿದ್ದೆನೆಂದರೆ, ಆಮೇಲೆ ಒಂದು ವಾರ ಪಕ್ಕಕ್ಕೆ ತಿರುಗಲು ಆಗಿರಲಿಲ್ಲ. ಅಂತೂ ಪಾಸಾದೆ. ಅವತ್ತಿನಿಂದ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ರೂಟಿನಲ್ಲಿ ನನ್ನನ್ನು ಕಂಡವರೆಲ್ಲ ಒಂದೇ ಗಾದೆ ಹೇಳುತ್ತಾರೆ: ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೀರ್ತಿ ತೆಗೆದುಕೊಂಡು ಏನು ಮಾಡಲಿ? ಮೇಲಿನ ಕಂಬಿ ಕೈಗೆ ಸಿಕ್ಕಿದ್ದರೆ ಸಾಕಾಗಿತ್ತು.

ಕಂಬಿ ಸಿಗುವುದಿಲ್ಲ. ಅದಕ್ಕೇ ನಾನು ಸೀಟಿನ ಪಕ್ಕದ ನೆಟ್ಟ ಕಂಬವನ್ನು ಮೊಣಕೈಯಲ್ಲಿ ಅಪ್ಪಿಕೊಂಡು ಟಿಕೆಟ್ ಕೊಡುವುದು. ಡ್ರೈವರ್ ನನಗಿಂತ ಹಿರಿಯರು. ನಾನು ಅಣ್ಣಾರು ಅನ್ನುತ್ತೇನೆ, ಅವರು ತಂಗಿ ಅನ್ನುತ್ತಾರೆ. ಅವರಿಗೆ ಮಾತು ಕಡಿಮೆ, ನನಗೆ ಸ್ವಲ್ಪ ಹೆಚ್ಚೇ. ಕೆಲಸದ ಮಾತೆಲ್ಲ ಸೀಟಿಯಲ್ಲಿ ಮುಗಿಯುತ್ತದೆ. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಉಸಿರು ಬಿಡದೆ ಉದ್ದಕ್ಕೆ ಊದಿದರೆ ಹಿಂದೆ ಏನೋ ಅನಾಹುತ ಆಗಿದೆ ಎಂದು ಅರ್ಥ, ಆಗ ತಿರುಗಿ ನೋಡದೆ ಬ್ರೇಕ್ ತುಳಿಯಬೇಕು. ಹಿಂದೊಮ್ಮೆ ಒಬ್ಬ ಮುದುಕಪ್ಪ ಮೆಟ್ಟಿಲಿನಿಂದ ಜಾರಿದಾಗ ನಾವಿಬ್ಬರೇ ಹೀಗೆ ಗೊತ್ತು ಮಾಡಿಕೊಂಡಿದ್ದೆವು.

ಒಂದು ಮಧ್ಯಾಹ್ನ ಡಿಪೋದಲ್ಲಿ ನಮಗೆಲ್ಲ ಆತ್ಮರಕ್ಷಣೆಯ ತರಬೇತಿ ಇಟ್ಟಿದ್ದರು. ಕಲಿಸಲು ಬಂದ ಕರಾಟೆ ಮಾಸ್ತರರು ಬಾಗಿಲು ತುಂಬುವಂಥ ಆಳು. ಚಾಕುವಿನ ಬದಲು ಸೀಮೆಸುಣ್ಣ ಹಿಡಿದುಕೊಂಡಿದ್ದರು. ಮಣಿಕಟ್ಟು ಹೇಗೆ ಹಿಡಿಯಬೇಕು, ಹೇಗೆ ತಿರುಚಬೇಕು, ಎಲ್ಲಿ ಒದೆಯಬೇಕು ಎಂದು ತೋರಿಸಿ, ಒಬ್ಬೊಬ್ಬರನ್ನೇ ಮುಂದೆ ಕರೆದರು. ನನ್ನ ಸರದಿ ಬಂತು. ಅವರ ಮಣಿಕಟ್ಟು ನನ್ನ ಎರಡು ಕೈಯ ಹಿಡಿತಕ್ಕೂ ಬರಲಿಲ್ಲ. ಮುಗಿಯುವಷ್ಟರಲ್ಲಿ ನನ್ನ ಖಾಕಿ ಕೋಟಿನ ಮೇಲೆ ಕುತ್ತಿಗೆಯಿಂದ ಸೊಂಟದವರೆಗೆ ಬಿಳಿ ಗೆರೆಗಳು. ಅಷ್ಟೂ ಗಾಯ ಎಂದು ಲೆಕ್ಕ. ಜೊತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಕುದಿಯುತ್ತಿತ್ತು.

ಮಾಸ್ತರರು ಒಳ್ಳೆಯವರು. ನನ್ನ ಮುಖ ನೋಡಿ, "ಅಕ್ಕಾರ, ಖರೇ ಹೇಳ್ತೀನಿ ಕೇಳ್ರಿ. ಆಯುಧ ಹಿಡ್ಕೊಂಡು ಬಂದವನ ಕೈ ಹಿಡಿಯಾಕ ಹೋಗಬ್ಯಾಡ್ರಿ. ನಾನೂ ಹೋಗಂಗಿಲ್ಲ. ಕೇಳಿದ್ದು ಕೊಟ್ಟುಬಿಡ್ರಿ. ದೂರ ಸರೀರಿ, ನಡುವ ಏನಾರ ಅಡ್ಡ ಇಟ್ಕೊಳ್ರಿ, ಒದರ್ರಿ, ಓಡ್ರಿ. ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ" ಎಂದರು.

"ಓಡೋ ಬಸ್ಸಿನ್ಯಾಗ ನಾ ಎಲ್ಲಿಗೆ ಓಡ್ಲಿ ಸರ?" ಎಂದು ಕೇಳಿದೆ.

"ಹಂಗಾರ ಮೊದ್ಲು ಬಸ್ ನಿಲ್ಲಸ್ರಿ" ಎಂದರು. ಮತ್ತೆ ಎಲ್ಲರೂ ನಕ್ಕರು. ನನಗೇನೂ ಸಮಾಧಾನ ಆಗಲಿಲ್ಲ. ಮನೆಗೆ ಬಂದು ಕೋಟನ್ನು ನೆನೆಸಿಟ್ಟು, ಇದೆಲ್ಲ ಉದ್ದಾಳುಗಳಿಗೆ ಹೇಳಿ ಮಾಡಿಸಿದ ವಿದ್ಯೆ ಎಂದು ಬೈದುಕೊಂಡೆ.

ಅದಾಗಿ ಕೆಲವು ತಿಂಗಳಿಗೆ ಮೆಕ್ಕೆಜೋಳದ ಸುಗ್ಗಿ ಬಂತು. ಆಗ ನಮ್ಮ ಕಡೆ ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಬಸ್ಸು ಅಲ್ಲಲ್ಲಿ ತೆವಳಿಕೊಂಡು ಹೋಗಬೇಕು. ಒಂದು ಬೆಳಿಗ್ಗೆ ಹರಪನಹಳ್ಳಿ ದಾಟಿದ ಮೇಲೆ, ನಿಲುಗಡೆಯೇ ಇಲ್ಲದ ಒಂದು ಕ್ರಾಸಿನಲ್ಲಿ ಒಬ್ಬ ಹುಡುಗಿ ಕೈ ಅಡ್ಡ ಹಿಡಿದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು. ಸೊಂಟದ ಮೇಲೆ ಕೂಸು, ಒಂದೇ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಒಂದು ಚೀಲವೂ ಇಲ್ಲ. ನೇರವಾಗಿ ಬಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು, ಕೇಳುವ ಮೊದಲೇ ಆಧಾರ್ ಕಾರ್ಡ್ ತೋರಿಸಿದಳು. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮೇಲೆ ಇಂಥವರನ್ನು ನಾನು ಬಹಳ ನೋಡಿದ್ದೇನೆ. ಮೊದಲು ಇವರ ಕೈಯಲ್ಲಿ ಬಸ್ಸಿನ ಚಾರ್ಜೂ ಇರುತ್ತಿರಲಿಲ್ಲ. ಈಗ ಕಾರ್ಡ್ ಒಂದಿದ್ದರೆ ತವರಿನವರೆಗೆ ಬರುತ್ತಾರೆ.

"ಎಲ್ಲಿಗವ್ವಾ?"

"ಕೂಡ್ಲಿಗಿಗ್ರಿ. ಅಲ್ಲಿಂದ ಹೊಸಹಳ್ಳಿ."

"ಹೊಸಹಳ್ಳ್ಯಾಗ ಯಾರದಾರ?"

"ನಮ್ಮವ್ವ ಅದಾಳ್ರಿ." ಕೂಸನ್ನು ತೊಡೆಯ ಮೇಲೆ ಇಳಿಸಿಕೊಂಡು, "ಆಕಿ ಇಟ್ಕೊಂತಾಳೋ ಇಲ್ಲೋ ಗೊತ್ತಿಲ್ರಿ ಅಕ್ಕಾರ. ಹೋದ ಸರ್ತಿ ಓಡಿ ಬಂದಾಗ, ಹೊಂದ್ಕೊಂಡು ಹೋಗಬೇಕವ್ವಾ ಅಂತ ಹೇಳಿ, ತಾನೇ ಗಂಡನ ಮನಿಗೆ ಬಂದು ಬಿಟ್ಟು ಹೋದ್ಲು" ಎಂದಳು.

"ಮೊದ್ಲು ಊರು ಮುಟ್ಟೋಣು, ಕುಂದ್ರು" ಎಂದು ಟಿಕೆಟ್ ಹರಿದುಕೊಟ್ಟೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಹಿಂದಿನ ಗಾಜಿನ ಕಡೆಗೇ ನೋಡುತ್ತ ಕುಳಿತಳು.

ಮುಂದೆ ಮೆಕ್ಕೆಜೋಳ ಹರವಿದ ಕಡೆ ಬಸ್ಸು ನಿಧಾನವಾಯಿತು. ಯಾರೋ ಮೋಟರ್ ಸೈಕಲ್ಲನ್ನು ರಸ್ತೆಬದಿಗೆ ಒಗೆದು, ಓಡಿ ಬಂದು ಹಿಂಬಾಗಿಲಿನಿಂದ ಹತ್ತಿದ. ನಾನು ನಡುಬಸ್ಸಿನಲ್ಲಿ ಮುಂದಕ್ಕೆ ಮುಖ ಮಾಡಿ ಟಿಕೆಟ್ ಕೊಡುತ್ತಿದ್ದೆ. ಬಸ್ಸು ಮತ್ತೆ ವೇಗ ಹಿಡಿಯಿತು. ನನ್ನ ಹಿಂದೆ ಮಾತುಕತೆ ಒಮ್ಮೆಲೇ ನಿಂತಿತು. ನಮ್ಮ ಬಸ್ಸಿನಲ್ಲಿ ಮಾತು ನಿಲ್ಲುವುದು ಅಂದರೆ ಸಣ್ಣ ಸಂಗತಿ ಅಲ್ಲ. ತಿರುಗಿ ನೋಡಿದೆ. ಗೊಬ್ಬರದ ಚೀಲ ಕೆಳಗೆ ಬಿದ್ದಿತ್ತು. ಅದರಲ್ಲಿ ಸುತ್ತಿಕೊಂಡು ತಂದಿದ್ದ ಮಚ್ಚು ಅವನ ಬಲಗೈಯಲ್ಲಿತ್ತು. ಎಡಗೈಯಲ್ಲಿ ಮೇಲಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದ. ಅವನ ಕಣ್ಣು ನನ್ನ ಮೇಲೆ ಇರಲಿಲ್ಲ, ಮುಂದಿನ ಸೀಟಿನ ಮೇಲಿತ್ತು. ಹುಡುಗಿ ಕೂಸಿನ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು. ಅವನು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಗಂಡಸರು ಬೇಕಾದಷ್ಟು ಜನ ಇದ್ದರು. ಅವರನ್ನು ನಾನು ಬೈಯುವುದಿಲ್ಲ. ಮಚ್ಚು ಕಂಡಾಗ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ನನ್ನ ಕಾಲೂ ಅಂಟಿತ್ತು. ಕಿಟಕಿಗೆ ಒತ್ತಿಕೊಂಡು ಎಲ್ಲರೂ ದಾರಿ ಬಿಟ್ಟರು. ಕೊನೆಗೆ ಸೀಟುಗಳ ಸಂದಿಯಲ್ಲಿ, ಅವನ ಮತ್ತು ಅವಳ ನಡುವೆ, ಉಳಿದವಳು ನಾನೊಬ್ಬಳೇ. ನನ್ನ ನೆತ್ತಿ ಅವನ ಹೆಗಲಿಗೂ ಬರುತ್ತಿರಲಿಲ್ಲ.

"ಸರಿ ಆ ಕಡಿ" ಎಂದ. "ನಿನ್ನ ಸಂಗಾಟ ನಂದೇನೂ ಇಲ್ಲ. ಆಕಿ ಬೇಕು ನನಗ."

ಕೇಳಿದ್ದು ಕೊಟ್ಟುಬಿಡಿ ಎಂದಿದ್ದರು ಮಾಸ್ತರರು. ಬ್ಯಾಗು ಕೇಳಿದ್ದರೆ ಕೊಡುತ್ತಿದ್ದೆ. ಕಿವಿಯ ಓಲೆ ಕೇಳಿದ್ದರೂ ಬಿಚ್ಚಿ ಕೊಡುತ್ತಿದ್ದೆ. ಇವನು ಕೇಳಿದ್ದು ನನ್ನದಲ್ಲ. ಪಕ್ಕದ ಸೀಟಿನಲ್ಲಿ ಜಾಗ ಇತ್ತು, ಅರ್ಧ ಹೆಜ್ಜೆ ಸರಿದಿದ್ದರೆ ನನ್ನ ಪಾಡಿಗೆ ನಾನು ಬದುಕುತ್ತಿದ್ದೆ. ಸರಿಯಬೇಕು ಅಂತಲೂ ಅನ್ನಿಸಿತು. ನನಗೂ ಒಬ್ಬ ಮಗಳಿದ್ದಾಳೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತು ಇದು:

"ಟಿಕೆಟ್ ತಗೊಂಡ್ರೇನ್ರಿ?"

ಅವನು ನಿಂತ. ಮೊದಲ ಸಲ ಕೆಳಗೆ ಬಗ್ಗಿ ನನ್ನ ಮುಖ ನೋಡಿದ. ಕಂಬಿ ಹಿಡಿದ ಕೈ ಸ್ವಲ್ಪ ಸಡಿಲವಾಯಿತು. "ಏನು?"

"ಹಿಂದಿನ ಬಾಗಿಲಿಂದ ಹತ್ತಿದ್ರಲ್ಲ. ಟಿಕೆಟ್ ಎಲ್ಲೈತ್ರಿ? ಮುಂದ ಚೆಕಿಂಗ್‌ನೋರು ನಿಂತಾರ."

ಚೆಕಿಂಗ್‌ನವರೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆದರೆ ನಾನು ಅದನ್ನು ದಿನವಿಡೀ ಹೇಳುವ ದನಿಯಲ್ಲೇ ಹೇಳಿದ್ದೆ. ಆ ದನಿಗೆ ನಮ್ಮ ಜನರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನಿದ್ದೆಯಲ್ಲಿದ್ದವರದೂ ಹೋಗುತ್ತದೆ, ಕುಡಿದವರದೂ ಹೋಗುತ್ತದೆ. ಹೆಂಡತಿಯನ್ನು ಕಡಿಯಲು ಬಂದವನ ಕೈಯೂ ಹೋಯಿತು. ಕಂಬಿ ಬಿಟ್ಟು, ಎಡಗೈಯಿಂದ ಅಂಗಿಯ ಜೇಬು ಮುಟ್ಟಿಕೊಂಡ. ಬಲಗೈಯಲ್ಲಿ ಮಚ್ಚು, ಎಡಗೈ ಜೇಬಿನಲ್ಲಿ. ಓಡುವ ಬಸ್ಸಿನಲ್ಲಿ ಈಗ ಅವನು ಏನನ್ನೂ ಹಿಡಿದು ನಿಂತಿರಲಿಲ್ಲ.

ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟೆ. ಕಂಬವನ್ನು ಎರಡೂ ತೋಳಿನಲ್ಲಿ ಅಪ್ಪಿ, ಕುಕ್ಕರಗಾಲಿನಲ್ಲಿ ಕುಳಿತು, ಉಸಿರು ಬಿಡದೆ ಊದಿದೆ. ಅಣ್ಣಾರು ತಿರುಗಿ ನೋಡಲಿಲ್ಲ, ಬ್ರೇಕ್ ತುಳಿದರು.

ಬಸ್ಸು ಕೀಚಲು ದನಿ ಮಾಡಿಕೊಂಡು ನಿಂತಿತು. ಅವನು ನನ್ನ ತಲೆಯ ಮೇಲಿಂದ ಹಾರಿ, ಸಂದಿಯಲ್ಲಿ ಬೋರಲಾಗಿ ಬಿದ್ದ. ಮಚ್ಚು ಕೈಬಿಟ್ಟು ಒಂದು ಸೀಟಿನ ಕೆಳಗೆ ಜಾರಿತು. ಮೊದಲು ಎದ್ದವಳು ಒಬ್ಬ ಅಜ್ಜಿ. ಮಚ್ಚಿನ ಮೇಲೆ ತನ್ನ ಗಂಟನ್ನು ಇಟ್ಟು, ಗಂಟಿನ ಮೇಲೆ ತಾನು ಕುಳಿತುಬಿಟ್ಟಳು. ಅದನ್ನು ನೋಡಿದ ಮೇಲೆ ಗಂಡಸರಿಗೂ ಧೈರ್ಯ ಬಂತು. ನಾಲ್ಕೈದು ಜನ ಅವನ ಬೆನ್ನ ಮೇಲೆ ಕುಳಿತು, ಯಾರದೋ ಟವೆಲ್ಲಿನಿಂದ ಕೈ ಕಟ್ಟಿದರು. ಕೂಸಿನ ಹಣೆ ಮುಂದಿನ ತಡೆಗೆ ತಾಕಿ ಬುಗುಟೆ ಎದ್ದಿತ್ತು, ಅದು ದೊಡ್ಡದಾಗಿ ಅಳತೊಡಗಿತು. ಆ ಅಳು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಅಣ್ಣಾರು ಆಗ ತಿರುಗಿ, "ಏನಾತು ತಂಗಿ?" ಎಂದರು.

"ಟಿಕೆಟ್ ತಗೊಂಡಿಲ್ರಿ ಅಣ್ಣಾರ" ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ನಗುವಿನ ನಡುವೆಯೇ ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಆಮೇಲೆ ಎಲ್ಲರೂ ಬಂದು, "ಏನ್ ತಲಿ ಓಡಿಸಿದ್ರಿ ಮೇಡಮ್ಮಾರ" ಎಂದು ಹೊಗಳಿದರು. ತಲೆ ಎಲ್ಲಿ ಓಡಿತ್ತು? ಆ ಮಾತು ದಿನಾ ಆಡಿ ಆಡಿ ಬಾಯಿಗೆ ಅಂಟಿದ್ದು. ಚೆಕಿಂಗ್‌ನ ಸುಳ್ಳು ಮಾತ್ರ ನಾನು ಕಟ್ಟಿದ್ದು, ಅದೂ ಅವನ ಕೈ ಕಂಬಿಯಿಂದ ಸಡಿಲವಾಗುವುದು ಕಂಡ ಮೇಲೆ. ಇನ್ನೊಮ್ಮೆ ಹೀಗೇ ಮಾಡುತ್ತೀಯಾ ಎಂದು ಮಗಳು ಕೇಳುತ್ತಾಳೆ. ದೇವರೇ, ಇನ್ನೊಮ್ಮೆ ಬಾರದಿರಲಿ ಅನ್ನುತ್ತೇನೆ.

ಬಸ್ಸನ್ನು ನೇರ ಕೊಟ್ಟೂರು ಪೊಲೀಸ್ ಸ್ಟೇಷನ್ನಿಗೆ ಹೊಡೆದೆವು. ಅವನನ್ನು ಒಳಗೆ ಕೂರಿಸಿದರು, ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸಿದೆವು. ಅಣ್ಣಾರ ಫೋನಿನಿಂದ ಹುಡುಗಿ ತಾಯಿಗೆ ಫೋನ್ ಮಾಡಿದಳು. ಕೊಟ್ಟೂರಿನಲ್ಲಿ ಇದ್ದೇನೆ, ಬಾ ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಬೆಂಚಿನ ತುದಿಯಲ್ಲಿ ಕಲ್ಲಿನಂತೆ ಕುಳಿತಳು. ನೀರು ಕೊಟ್ಟರೆ ಕೂಸಿಗೆ ಕುಡಿಸಿ, ತಾನು ಕುಡಿಯಲಿಲ್ಲ. ಅವಳ ಹೆದರಿಕೆ ಯಾವುದೆಂದು ನನಗೆ ಗೊತ್ತಿತ್ತು. ಗಂಡ ಕಂಬಿಯ ಹಿಂದೆ ಇದ್ದ. ಇನ್ನು ಬರಬೇಕಾದವಳು ಅವ್ವ.

ತಾಯಿಗಿಂತ ಮೊದಲು, ಸ್ಟೇಷನ್ನಿನಿಂದ ಸುದ್ದಿ ಹೋಗಿ, ಗಂಡನ ದೊಡ್ಡಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಬೆಣ್ಣೆ. ಅವನ ಬೆನ್ನಿಗೇ ತಾಯಿ ಬಂದಳು. ಶೇಂಗಾ ಕೀಳುವ ಹೊಲದಿಂದ ನೇರ ಬಂದಿದ್ದಳು ಅಂತ ಕಾಣುತ್ತದೆ, ಎತ್ತಿ ಕಟ್ಟಿದ ಸೀರೆ ಹಾಗೇ ಇತ್ತು, ಉಗುರಿನಲ್ಲಿ ಮಣ್ಣಿತ್ತು. ಬಾಗಿಲಲ್ಲಿದ್ದ ಪೊಲೀಸಪ್ಪ ಅವಳಿಗೆ ಆದದ್ದನ್ನೆಲ್ಲ ಹೇಳಿದ. "ಆ ಕಂಡಕ್ಟರಮ್ಮಾರು ಎಲ್ಲದಾರ್ರಿ?" ಎಂದು ಅವಳು ನನ್ನ ತಲೆಯ ಮೇಲಿಂದಲೇ ಆಚೆ ಈಚೆ ನೋಡಿದಳು. "ಇಲ್ಲೇ ಅದೀನ್ರಿ, ಕೆಳಗ ನೋಡ್ರಿ" ಎಂದೆ.

ದೊಡ್ಡಪ್ಪ ಕೈ ಮುಗಿದುಕೊಂಡು ನಡುವೆ ಬಂದ. "ಬೀಗರ, ಹುಡುಗ ಸಿಟ್ಟಿನ್ಯಾಗ ಒಂದು ತಪ್ಪು ಮಾಡ್ಯಾನ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರ. ಹೋದ ಸರ್ತಿ ನೀವೇ ದೊಡ್ಡ ಮನಸ್ಸು ಮಾಡಿ ತಂದು ಬಿಟ್ಟಿದ್ರಿ. ಈ ಸರ್ತೀನೂ ಮನಿ ಮಾತು ಮನ್ಯಾಗ ಮುಗಿಸೋಣು."

ಹುಡುಗಿ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ನಿಂತ ಹಾಗೆ ಇಲ್ಲಿ ನಾನು ಅಡ್ಡ ನಿಲ್ಲುವಂತಿರಲಿಲ್ಲ.

ತಾಯಿಯ ಕಣ್ಣು ಮೇಜಿನ ಮೇಲಿದ್ದ ಮಚ್ಚಿನ ಮೇಲೆ ಬಿತ್ತು. "ಹೋದ ಸರ್ತಿ ನಾನೂ ಆಕಿಗೆ ಅದನ್ನ ಹೇಳಿದ್ದೆ, ಉಂಡು ಮಲಗೋ ತನಕ ಅಂತ" ಎಂದಳು. "ಇನ್ನ ಹೇಳಂಗಿಲ್ರಿ." ಆಮೇಲೆ ಅವನ ಕಡೆ ತಿರುಗಲೇ ಇಲ್ಲ. ಇನ್ಸ್‌ಪೆಕ್ಟರಿಗೆ, "ಸಾಹೇಬ್ರ, ಕಾನೂನು ಏನೈತಿ ಅದನ್ನ ಮಾಡ್ರಿ. ನನ್ನ ಮಗಳು, ಮೊಮ್ಮಗ ನನ್ನ ಮನ್ಯಾಗ ಇರ್ತಾರ" ಎಂದಳು. ಬೆಂಚಿನ ಹತ್ತಿರ ಬಂದು, ಮಣ್ಣುಗೈಯನ್ನು ಸೆರಗಿಗೆ ಒರೆಸಿ, ಕೂಸನ್ನು ಎತ್ತಿಕೊಂಡಳು. "ನಡೀವಾ, ಮನಿಗೆ ಹೋಗೋಣು."

ಹುಡುಗಿ ಬಹಳ ಹೊತ್ತು ಅವ್ವನ ಮುಖವನ್ನೇ ನೋಡಿದಳು. ನಂಬಬೇಕೋ ಬೇಡವೋ ಎಂದು ನೋಡುತ್ತಿದ್ದಳು. ಆಮೇಲೆ, "ಅವ್ವಾ, ಹೊಟ್ಟಿ ಹಸದೈತಿ. ನಿನ್ನಿಯಿಂದ ಉಂಡಿಲ್ಲ" ಎಂದಳು.

ನಾನು ಹೊರಗೆ ಓಡಿದೆ. ಕೊಟ್ಟೂರಿನಲ್ಲಿ ಮಂಡಕ್ಕಿ ಮಿರ್ಚಿಗೆ ಹುಡುಕಬೇಕಾಗಿಲ್ಲ, ಎದುರಿಗೇ ಎಣ್ಣೆ ಕಾದಿತ್ತು. ಕಾಗದದಲ್ಲಿ ಕಟ್ಟಿಸಿಕೊಂಡು ಬಂದು ಬೆಂಚಿನ ಮೇಲೆ ಬಿಚ್ಚಿದೆ. ಅವಳು ಬಿಸಿ ಆರುವವರೆಗೂ ಕಾಯಲಿಲ್ಲ. ಖಾರಕ್ಕೆ ಕಣ್ಣು ಮೂಗು ಸುರಿಯುತ್ತಿತ್ತು, ನಡುನಡುವೆ ಅಳುವೂ ಬರುತ್ತಿತ್ತು, ಆದರೂ ಕೈ ನಿಲ್ಲಲಿಲ್ಲ. ಕಾಗದ ಖಾಲಿಯಾಯಿತು.

"ಇನ್ನ ಬೇಕೇನವ್ವಾ?" ಎಂದೆ.

ಅವಳು ಯಾರ ಮುಖವನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. "ಬೇಕ್ರಿ" ಎಂದಳು.