ಕಲ್ಲಿನ ಮನೆಯ ಹಿಂದಿನ ಗೂಡು

ಪೇಟೆ ನಡುವೆ, ಡೆನ್ನಿ ಟ್ರಯಾಂಗಲ್ ಹತ್ತಿರದ ಹೋಟೆಲಿನಲ್ಲಿ ನಾನು ಅಡಿಗೆ ಕೆಲಸ ಮಾಡುತ್ತೇನೆ. ಭಾನುವಾರ ರಜೆ ಸಿಕ್ಕಿತು. ಅಕ್ಕ, ಭಾವ ಕೊಂಡಿರುವ ಹಳೇ ಮನೆ ನೋಡಲು ಸರೋವರದ ದಂಡೆಯ ಕೆನ್ಮೋರಿಗೆ ಹೊರಟೆ. ಮೊದಲು ರೈಲು, ಆಮೇಲೆ ಬಸ್ಸು. ಮೂರು ಡಾಲರ್, ಒಂದು ಗಂಟೆಗೂ ಮೇಲೆ. ಇಳಿದರೆ ಜಿಟಿಜಿಟಿ ಮಳೆ, ಸರೋವರದ ಕಡೆಯಿಂದ ಕೊರೆಯುವ ಗಾಳಿ.

ಮನೆ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಇಂಗ್ಲೆಂಡಿನವನೊಬ್ಬ ತನ್ನೂರಿನ ಮನೆಗಳ ಹಾಗೇ ಕಟ್ಟಿಸಿದ್ದಂತೆ. ಮೊಳದಪ್ಪದ ಕಲ್ಲಿನ ಗೋಡೆ, ಕಡಿದಾದ ಚಾವಣಿ, ಚಿಕ್ಕ ಚಿಕ್ಕ ಗಾಜಿನ ಕಿಟಕಿ. ಆಮೇಲೆ ಬಂದವರು ಹಿಂದೆ ಮರದ ಎರಡು ರೂಮು ಅಂಟಿಸಿದ್ದಾರೆ. ಅಲ್ಲಿ ಹಳೇ ಹೊರಗೋಡೆಯೇ ಒಳಗೋಡೆ. ಮಳೆ ತಿಂದ ಕಲ್ಲನ್ನು ಮಂಚದ ಮೇಲಿಂದಲೇ ಮುಟ್ಟಬಹುದು. ಅಡಿಗೆಮನೆಯಲ್ಲಿ ಪಳಪಳ ಹೊಳೆಯುವ ಒಲೆ. ಅದರ ಮೇಲೆ ಹಾಲು ಬಿಟ್ಟರೆ ಬೇರೇನೂ ಕಾಯಿಸುವುದಿಲ್ಲವಂತೆ.

"ಈ ಗೋಡೆಗೆ ಒಂದು ಮೊಳೆ ಕೂಡ ಹೊಡೆಯೋ ಹಾಗಿಲ್ಲ ಕಣಯ್ಯ" ಅಂದರು ಭಾವ.

"ಅಕ್ಕ ಎಲ್ಲಿ?"

"ಹಿಂದೆ, ಸ್ಪೈಸ್ ಕಿಚನ್‌ನಲ್ಲಿದಾಳೆ. ಒಗ್ಗರಣೆ, ಮಸಾಲೆ ಎಲ್ಲ ಅಲ್ಲೇ."

ಕೊನೇ ಬಾಗಿಲು ತೆಗೆದು ಕೆಳಗಿಳಿದರೆ, ಭಾವ ಕಟ್ಟಿಸಿದ ಪ್ಲೈವುಡ್ ಗೂಡು. ಹೀಟರ್ ಇಲ್ಲ. ಅಕ್ಕ ಜಾಕೆಟ್ಟು, ಉಣ್ಣೆ ಟೋಪಿ ಹಾಕಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಮೂಲೆಯಲ್ಲೊಂದು ಸ್ಟೂಲು. ಅವಳ ಊಟವೂ ಅಲ್ಲೇ. ನನಗೆ ತಲೆ ಕೆಟ್ಟಿತು.

"ನಮ್ಮಕ್ಕನ್ನ ನಾಯಿಗೂಡಿಗೆ ಹಾಕಿದೀರಲ್ಲ ಭಾವ! ಒಳಗಿರೋ ಒಲೆ ಏನು, ಪೂಜೆಗಾ?"

"ನನ್ಯಾಕೋ ಬೈತೀಯ? ಇದನ್ನ ಕಟ್ಟಿಸಿ ಅಂತ ಹಟ ಹಿಡಿದವಳೇ ಅವಳು. ಕೇಳು."

ಅಕ್ಕ ತಿರುಗಲಿಲ್ಲ. "ಹೌದು ಕಣೋ. ಇಂಚರನ ಕೋಟು ನಾರುತ್ತೆ ಅಂತ ಸ್ಕೂಲಲ್ಲಿ ಮೂಗು ಮುಚ್ಕೊಂಡ್ರಂತೆ. ಯಾರೂ ಪಕ್ಕದಲ್ಲಿ ಕೂರಲ್ಲ. ಒಬ್ಬಳೇ ಕೂತು ಡಬ್ಬಿ ತಿಂತಿದ್ಳು ನನ್ನ ಮಗು."

"ಅದಕ್ಕೆ ನೀನು ಹೊರಗೆ ಕೂತ್ಕೋಬೇಕಾ? ಊರಲ್ಲಾದ್ರೆ ಮೂರೇ ದಿನ ಕೂರಿಸ್ತಿದ್ರು. ಇಲ್ಲೇನು ಜನ್ಮಪೂರ್ತಿನಾ?"

ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆಗೆದೆ. ಇಂಗಿನ ಘಮ ಒಳಗೆ ನುಗ್ಗಿತು. ಮುಂದಿನ ಕಲ್ಲಿನ ರೂಮಿನಿಂದ ಎಂಟು ವರ್ಷದ ಇಂಚರ ಕಿರುಚಿದಳು: "ಅಮ್ಮಾ, ಕ್ಲೋಸ್ ದ ಡೋರ್! ಪ್ಲೀಸ್!"

ಅಕ್ಕ ಸೌಟು ಬಿಟ್ಟು ಓಡಿಬಂದಳು. ನನ್ನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ಹಾಕಿದಳು. "ತಟ್ಟೆ ತಗೋ" ಅಂದಳು, ಅಷ್ಟೇ.

ಇನ್ನು ಯಾರನ್ನು ಬೈಯಲಿ? ಪ್ಲೈವುಡ್ಡಿಗೆ ಒಂದು ಗುದ್ದಿದೆ. ಜಾಕೆಟ್ ಹಾಕಿಕೊಂಡೇ, ನಿಂತುಕೊಂಡು ಅವಳ ಜೊತೆ ಉಂಡೆ. ಸಾರು ಚೆನ್ನಾಗಿತ್ತು.

ಬಸ್ ಸ್ಟಾಪಿನಿಂದ ತಿರುಗಿ ನೋಡಿದೆ. ರಸ್ತೆಗೆ ಕಾಣುವುದು ಕಲ್ಲಿನ ಮುಂಭಾಗ ಮಾತ್ರ. ಆ ಕಡೆ ಹೋಗುತ್ತಿದ್ದ ಹೆಂಗಸೊಬ್ಬಳು ಮಳೆಯಲ್ಲೇ ನಿಂತು ಅದರ ಫೋಟೋ ತೆಗೆದುಕೊಂಡಳು. ಅಕ್ಕ ನಿಂತಿರುವ ಗೂಡು ಅದರಲ್ಲಿ ಬಿದ್ದಿರಲಾರದು.