ಸೈಲೆನ್ಸರಿನ ಜಾಲರಿ ತೆಗೆದದ್ದು

ಅಣ್ಣ ಅಡುಗೆ ಕೆಲಸಕ್ಕೆ ಹೋಗುತ್ತಿದ್ದ. ಮದುವೆ, ಉಪನಯನ, ತಿಥಿ, ಏನೇ ಇರಲಿ, ಹರಿಹರಪುರದ ಕಡೆಯ ಹಿರಿಯ ಅಡುಗೆ ಭಟ್ಟರೊಬ್ಬರ ಗುಂಪಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸುತ್ತುತ್ತಿದ್ದ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವನು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗುವ ಹೊತ್ತಿಗೆ ಕೊಪ್ಪದ ಬಾಳಗಡಿಯಲ್ಲಿ ನನ್ನದೇ ಒಂದು ತಗಡಿನ ಶೆಡ್ಡು ಇತ್ತು. ಬರೆದು ಅಭ್ಯಾಸವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಣ್ಣನ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ನೈವೇದ್ಯ ಆಗುವವರೆಗೆ ಅಡುಗೆಯವರು ರುಚಿ ನೋಡುವ ಹಾಗಿಲ್ಲ. ಮುನ್ನೂರು ಎಲೆಯ ಹುಳಿ ಕುದಿಯುತ್ತಿದ್ದರೂ ಒಂದು ಹನಿ ನಾಲಿಗೆಗೆ ಸೋಕಬಾರದು. ಹಾಗಾಗಿ ಉಪ್ಪು ಹಾಕುವುದು ಪೂರ್ತಿ ಕೈ ಅಂದಾಜು. ಗುಂಪಿನಲ್ಲಿ ಆರು ಜನರಿದ್ದರೂ ಮರಿಗೆ, ಅಂದರೆ ಉಪ್ಪು ತುಂಬಿಡುವ ಮರದ ಪಾತ್ರೆ, ಅಣ್ಣನ ಕೈಯಲ್ಲೇ ಇರುತ್ತಿತ್ತು. ಕೊಪ್ಪರಿಗೆಯನ್ನು ಒಮ್ಮೆ ನೋಡುವನು, ಹಿಡಿ ತುಂಬುವನು, ಹಾಕುವನು, ಮುಗಿಯಿತು. ಆ ಕೈ ಇದ್ದದ್ದಕ್ಕೇ ಭಟ್ಟರು ಅವನನ್ನು ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ.

ಅವನು ಓಡಾಡುತ್ತಿದ್ದದ್ದು ಒಂದು ಹಳೆಯ ಟೂ ಸ್ಟ್ರೋಕ್ ಬೈಕಿನಲ್ಲಿ. ಅದಕ್ಕೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು. ಅದನ್ನೂ ಅವನು ಬಾಟಲಿಯಿಂದ ಅಂದಾಜಿನಲ್ಲೇ ಸುರಿಯುತ್ತಿದ್ದ. ಒಂದು ದಿನವೂ ಹೆಚ್ಚುಕಮ್ಮಿ ಆದದ್ದಿಲ್ಲ.

ಒಂದು ಸಲ ಶೆಡ್ಡಿಗೆ ಬಂದು, ‘ಏರಿಗೆ ಹೋಗೂದೇ ಇಲ್ಲ ಮಾರಾಯ, ಹಿಂದಿಂದ ಯಾರೋ ಹಿಡ್ಕಂಡ ಹಾಗೆ’ ಅಂದ. ಸೈಲೆನ್ಸರ್ ಬಿಚ್ಚಿ ನೋಡಿದೆ. ಹೊಗೆಯ ವಿಷ ಕಮ್ಮಿ ಮಾಡಲು ಕಂಪೆನಿಯವರು ಅದರೊಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಇಟ್ಟಿರುತ್ತಾರೆ. ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ತುಂಡು. ನಾವು ಜಾಲರಿ ಎನ್ನುತ್ತಿದ್ದೆವು. ಅದು ಕರಿ ಕಟ್ಟಿ ಮುಚ್ಚಿಹೋಗಿತ್ತು. ಸೈಲೆನ್ಸರನ್ನೇ ಬದಲಿಸುವುದು ಸರಿಯಾದ ಕೆಲಸ. ನಾನು ಅದನ್ನು ಕೊಯ್ದು, ಸರಳಿನಿಂದ ಜಾಲರಿಯನ್ನು ಕುಟ್ಟಿ ತೆಗೆದು, ಖಾಲಿ ಕೊಳವೆಗೆ ವೆಲ್ಡಿಂಗ್ ಮಾಡಿ ಕೂರಿಸಿದೆ. ಕ್ಲೀನ್ ಮಾಡಿದ್ದೇನೆ ಎಂದಷ್ಟೇ ಅಣ್ಣನಿಗೆ ಹೇಳಿದೆ.

ಬೈಕು ಏರು ಹತ್ತಿತು. ಅಣ್ಣನಿಗೆ ಖುಷಿಯಾಯಿತು. ಶಬ್ದ ಮಾತ್ರ ಒಡಕಾಗಿ ದೂರದವರೆಗೂ ಕೇಳುತ್ತಿತ್ತು. ಹೊಗೆಯ ಘಾಟು ಕಣ್ಣಿಗೆ ಹತ್ತುತ್ತಿತ್ತು. ಚೀಲದಲ್ಲಿಟ್ಟ ಮಡಿ ಪಂಚೆಗೂ ಅದೇ ವಾಸನೆ ಎಂದು ಭಟ್ಟರು ಗೊಣಗಿ, ಬೈಕನ್ನು ಅಡುಗೆ ಚಪ್ಪರದಿಂದ ದೂರ ನಿಲ್ಲಿಸಲು ಹೇಳಿದರಂತೆ.

ಎರಡು ವಾರದ ಮೇಲೆ ಪ್ಲಗ್ ತೆಗೆದು ನೋಡಿದೆ. ಅದರ ತುದಿ ಕಾಫಿಪುಡಿ ಬಣ್ಣಕ್ಕಿರಬೇಕು. ಸುಣ್ಣದ ಹಾಗೆ ಬೆಳ್ಳಗಿತ್ತು. ಇದರ ಅರ್ಥ ನನಗೆ ಗೊತ್ತು. ಜಾಲರಿ ಹೋದ ಮೇಲೆ ಹೊಗೆ ತಡೆಯಿಲ್ಲದೆ ಹೊರಗೆ ಹೋಗುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಸಾಲದೆ ವಿಪರೀತ ಕಾಯುತ್ತದೆ. ಕಾರ್ಬೊರೇಟರಿಗೆ ದೊಡ್ಡ ಜೆಟ್, ಅಂದರೆ ಪೆಟ್ರೋಲ್ ಬಿಡುವ ತೂತಿನ ತಿರುಪು, ಹಾಕಬೇಕು. ಅದು ನನ್ನ ಹತ್ತಿರ ಇರಲಿಲ್ಲ, ಶಿವಮೊಗ್ಗದಿಂದ ತರಬೇಕಿತ್ತು. ಪ್ಲಗ್ ಒರೆಸಿ ವಾಪಸ್ ಹಾಕಿದೆ. ಎಲ್ಲ ಸರಿ ಇದೆಯಾ ಎಂದು ಅಣ್ಣ ಕೇಳಿದ. ಇದೆ ಎಂದೆ.

ಅದಾಗಿ ನಾಲ್ಕು ದಿನಕ್ಕೆ ನರಸಿಂಹರಾಜಪುರದ ರಸ್ತೆಯ ಒಂದು ಏರಿನಲ್ಲಿ ಎಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತುಬಿಟ್ಟಿತು. ಅಣ್ಣ ಬಿದ್ದ. ಎಡ ಹೆಗಲಿನ ಮೂಳೆ ಮುರಿಯಿತು. ಅದು ಎರಡು ತಿಂಗಳಲ್ಲಿ ಕೂಡಿತು. ಹೆಗಲಿನ ಬಗ್ಗೆ ನಾನು ಬರೆಯುತ್ತಿಲ್ಲ.

ಬೈಕನ್ನು ಶೆಡ್ಡಿಗೆ ತಂದು ಎಂಜಿನ್ ಬಿಚ್ಚಿದ ದಿನ ಅಣ್ಣ ಕೈಗೆ ಜೋಲಿ ಕಟ್ಟಿಕೊಂಡು ಬಂದು ಹಳೆಯ ಟಯರಿನ ಮೇಲೆ ಕೂತ. ಪಿಸ್ಟನ್ ಮೈತುಂಬ ಗೀರು ಬಿದ್ದಿತ್ತು.

‘ಎಂತ ಆಗಿತ್ತು ಮಾರಾಯ?’

‘ಆಯಿಲ್ ಕಮ್ಮಿ ಬಿದ್ದಿದೆ ಅಣ್ಣ. ನಿನ್ನ ಅಂದಾಜು ತಪ್ಪಿದೆ.’

‘ಹೌದನಾ? ನಾನು ಯಾವಾಗಿನ ಹಾಗೇ ಹಾಕಿದ್ದೆ.’

‘ಕಮ್ಮಿ ಬಿದ್ದಿದೆ.’

ಬಾಯಿಗೆ ಮೊದಲು ಬಂದದ್ದನ್ನು ನಾನು ಹೇಳಿದ್ದೆ. ಇದಕ್ಕಿಂತ ಹೆಚ್ಚು ಯೋಚನೆ ಮಾಡಿರಲಿಲ್ಲ.

ಅಣ್ಣ ಕೆಲಸಕ್ಕೆ ವಾಪಸ್ ಹೋಗಿ ಬಿದ್ದ ಕಾರಣ ಹೇಳಿದಾಗ ಭಟ್ಟರು ಎಲ್ಲರೆದುರು ತಮಾಷೆ ಮಾಡಿದರು. ‘ಬಾಟ್ಲಿ ಎಣ್ಣೆಯ ಅಂದಾಜು ಸಿಗ್ಲಿಲ್ಲ ಇವ್ನಿಗೆ. ಇವ್ನ ಕೈಗೆ ಮರಿಗೆ ಕೊಟ್ಟು ನಾವು ಧೈರ್ಯವಾಗಿ ಕೂತಿದೀವಿ ನೋಡಿ.’ ಎಲ್ಲರೂ ನಕ್ಕರಂತೆ. ತಾನೂ ನಕ್ಕೆ ಎಂದು ಅಣ್ಣನೇ ಹೇಳಿದ.

ಆದರೆ ಅವನು ಅಂದಿನಿಂದ ಉಪ್ಪು ಹಿಡಿದು ನಿಲ್ಲತೊಡಗಿದ. ಇಷ್ಟು ಸಾಕಾ ಎಂದು ಪಕ್ಕದವರನ್ನು ಕೇಳುತ್ತಿದ್ದ. ಒಂದು ಸ್ಟೀಲ್ ಲೋಟ ಇಟ್ಟುಕೊಂಡು ಅಳೆದು ನೋಡಿದ. ಪಾತ್ರೆ ಬೇರೆ, ನೀರು ಬೇರೆ, ತರಕಾರಿ ಬೇರೆ ಆಗುವಲ್ಲಿ ಲೋಟದ ಲೆಕ್ಕ ನಡೆಯಲಿಲ್ಲ. ಶೃಂಗೇರಿಯ ಒಂದು ಉಪನಯನದಲ್ಲಿ ಹುಳಿಗೆ ಉಪ್ಪು ಹಾಕಿ, ಸಾಲದೇನೋ ಎನ್ನಿಸಿ ಇನ್ನೆರಡು ಹಿಡಿ ಹಾಕಿದ. ನೈವೇದ್ಯ ಆಗಿ, ಪಂಕ್ತಿ ಕೂತು, ಬಡಿಸಿದ ಮೇಲೆಯೇ ಗೊತ್ತಾದದ್ದು. ಯಾರಿಗೂ ಬಾಯಿಗಿಡಲು ಆಗಲಿಲ್ಲ. ಭಟ್ಟರು ಎಲೆ ಎಲೆಯ ಮುಂದೆ ಹೋಗಿ ಕೈಮುಗಿದರು.

ಮರಿಗೆ ಬೇರೆಯವನ ಕೈಗೆ ಹೋಯಿತು. ಅಣ್ಣನಿಗೆ ತರಕಾರಿ ಹೆಚ್ಚಲು ಹೇಳಿದರು. ಆಮೇಲೆ ನೀರು ಬಡಿಸಲು. ಆಮೇಲೆ ಕರೆಯುವುದೇ ಕಮ್ಮಿಯಾಯಿತು. ಕಡೆಗೆ ಅವನು ಕೊಪ್ಪದ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬಲು ಸೇರಿದ. ಅಲ್ಲಿ ಉಪ್ಪನ್ನು ಯಜಮಾನರೇ ಬಂದು ಹಾಕುತ್ತಿದ್ದರು.

ಇದೆಲ್ಲ ನನ್ನ ಕಣ್ಣೆದುರೇ ಆಯಿತು. ಒಂದು ಮಾತಿನಿಂದ ನಿಲ್ಲಿಸಬಹುದಿತ್ತು. ನಾನು ಶೆಡ್ಡಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಉಣ್ಣುತ್ತಿದ್ದೆ. ಜಾಲರಿ ತೆಗೆಸಲು ಬೇರೆಯವರೂ ಬಂದರು. ಅವರ ಬೈಕುಗಳಿಗೆ ಜೆಟ್ಟನ್ನೂ ಬದಲಿಸಿಕೊಟ್ಟೆ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಹೋಟೆಲಿನ ಹಿಂಭಾಗಕ್ಕೆ ಹೋಗಿ ಅಣ್ಣನಿಗೆ ಹೇಳಿದೆ. ಯಾಕೆ ಆ ದಿನ ಹೋದೆ ಎಂದು ನನಗೂ ಗೊತ್ತಿಲ್ಲ. ಅವನು ಉದ್ದು ತೊಳೆಯುತ್ತಿದ್ದ. ಜಾಲರಿ, ಪ್ಲಗ್, ಜೆಟ್, ಎಲ್ಲ ಕೇಳಿಸಿಕೊಂಡ.

‘ಹಂಗಾರೆ ಆವತ್ತು ಆಯಿಲ್ ಸರಿ ಇತ್ತಾ?’

‘ಸರಿ ಇತ್ತು.’

ಸುಮಾರು ಹೊತ್ತು ಉದ್ದು ತೊಳೆದ. ನೀರು ಬಸಿದ. ಆಮೇಲೆ, ‘ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಭಟ್ರ ಹತ್ರ ಹೇಳು’ ಅಂದ. ಬೈಯಲಿಲ್ಲ.

ಆ ವಾರ ಭಟ್ಟರು ನರಸಿಂಹರಾಜಪುರದಲ್ಲಿ ಒಂದು ಮದುವೆಯ ಅಡುಗೆಯಲ್ಲಿದ್ದರು. ಹೋದೆ. ಭಟ್ಟರು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು, ನಿನ್ನಣ್ಣ ಹೇಗಿದ್ದಾನೆ ಎಂದು ಕೇಳಿದರು. ಚೆನ್ನಾಗಿದ್ದಾನೆ ಎಂದೆ. ಬಂದವನು ಊಟ ಮಾಡಿಕೊಂಡೇ ಹೋಗು ಎಂದರು. ಎರಡನೆಯ ಪಂಕ್ತಿಯಲ್ಲಿ ಕೂತೆ. ಉಂಡು, ಕೈ ತೊಳೆದು, ಜಾಲರಿಯ ಮಾತೆತ್ತದೆ ಕೊಪ್ಪದ ಬಸ್ಸು ಹತ್ತಿದೆ.

ಭಟ್ಟರು ಕರೆಯಬಹುದೆಂದು ಅಣ್ಣ ಸ್ವಲ್ಪ ದಿನ ಕಾದ ಎಂದು ಕಾಣುತ್ತದೆ. ಹೇಳಿದೆಯಾ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೇಳಿದ್ದೇನೆ ಎಂದೇ ಹೇಳುತ್ತಿದ್ದೆ.