ದಾರಿ ಕೇಳುವ ಮಂದಾಕಿನಿಬಾಯಿ

ಬೆಳಗಿನ ಆರೂವರೆ. ಹಿಮಾಯತ್‌ನಗರದ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಎರಡನೇ ಮಹಡಿಯ ಕಚೇರಿಯಲ್ಲಿ ಮಂದಾಕಿನಿಬಾಯಿ ಮಾತ್ರ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಾಗಿದೆ. ವೈದ್ಯಕೀಯ ಸಾಮಾನುಗಳನ್ನು ಆನ್‌ಲೈನಿನಲ್ಲಿ ಮಾರುವ ಕಂಪನಿ ಇದು. ಗಿರಾಕಿ ಬರೆದ ಬಿಲ್ಲಿಂಗ್ ವಿಳಾಸ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿರುವ ವಿಳಾಸಕ್ಕೆ ತಾಳೆಯಾಗದಿದ್ದರೆ ಪರದೆಯ ಮೇಲೆ ಆ ಆರ್ಡರ್ ಕೆಂಪಾಗುತ್ತದೆ. ಕದ್ದ ಕಾರ್ಡೋ, ಸಾಚಾ ಗಿರಾಕಿಯೋ ಎಂದು ಒಂಬತ್ತರೊಳಗೆ ಹೇಳಬೇಕಾದವರು ಇವರು. ಹೇಳದಿದ್ದರೆ ಆರ್ಡರ್ ತಾನಾಗಿಯೇ ರದ್ದು.

ದಿನಕ್ಕೆ ಅರವತ್ತು ಕೆಂಪು. ಅದರಲ್ಲಿ ನಿಜವಾದ ಕಳ್ಳರು ನಾಲ್ಕೈದು. ಉಳಿದವರು ಬಾಡಿಗೆ ಮನೆ ಬದಲಿಸಿ ಬ್ಯಾಂಕಿಗೆ ಹೇಳಲು ಮರೆತವರು, 'ನೀರಿನ ಟ್ಯಾಂಕಿನ ಎದುರು' ಎಂದಷ್ಟೇ ಬರೆದು ಕೈತೊಳೆದುಕೊಂಡವರು. ಈ ಊರಿನ ಮನೆ ನಂಬರುಗಳಾದರೂ ಎಂಥವು! ಅಂಕಿ, ಅಡ್ಡಗೆರೆ, ಮತ್ತೆ ಅಂಕಿ, ಕೊನೆಗೊಂದು ಅಕ್ಷರ. ಮನೆಯವರಿಗೇ ಬಾಯಿಗೆ ಬಾರವು.

ತಂದೆ ಜಯತೀರ್ಥರು ಕಲಬುರಗಿಯಿಂದ ಬಂದು ಅಬಿಡ್ಸ್ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುತ್ತಿದ್ದವರು. ವಿಳಾಸದ ವಿದ್ಯೆ ಮನೆತನದ್ದು ಎನ್ನಬೇಕು. ಗಂಡ ತೀರಿಕೊಂಡ ಮೇಲೆ, ನಲವತ್ತಾರರಲ್ಲಿ ಈ ಕೆಲಸ ಹಿಡಿದರು, ಈಗ ಐವತ್ತೆಂಟು. ಫೋನಿನಲ್ಲಿ ಕಾರ್ಡಿನ ನಂಬರನ್ನಾಗಲಿ ಓಟಿಪಿಯನ್ನಾಗಲಿ ಅಪ್ಪಿತಪ್ಪಿಯೂ ಕೇಳುವುದಿಲ್ಲ. ಕೇಳುವುದು ದಾರಿ.

"ಕಳ್ಳ ಮನಿ ನಂಬರ್ ಗಿಣಿ ಹಂಗ ಒಪ್ಪಸ್ತಾನ್ರಿ. ಬಸ್‌ಸ್ಟ್ಯಾಂಡಿಂದ ಮನಿಗೆ ಹ್ಯಾಂಗ ಬರಬೇಕು ಅಂತ ಕೇಳ್ತೀನಿ. ಆಮ್ಯಾಲ ಮನಿಯಿಂದ ಬಸ್‌ಸ್ಟ್ಯಾಂಡಿಗೆ ಹ್ಯಾಂಗ ಹೋಗೋದು ಅಂತ. ತಿರುಗಿ ಹೇಳೋ ಮುಂದ ತೊದಲ್ತಾನ ನೋಡ್ರಿ. ಫಾರಮ್ಮಿನಾಗ ದಾರಿ ಬರೀಲಿಕ್ಕೆ ಒಂದು ಸಾಲು ಇಡ್ರಿ ಅಂತ ಸಾಹೇಬ್ರಿಗೆ ಹೇಳಿ ಹೇಳಿ ಸಾಕಾತು," ಎನ್ನುತ್ತಾರೆ ಮಂದಾಕಿನಿಬಾಯಿ.

ಇಂದು ಗುರುವಾರ. ಎಂಟೂ ಮುಕ್ಕಾಲಿಗೆ ಉಳಿದಿರುವ ಒಂದೇ ಕೆಂಪು, ಕಿವಿಗೆ ಹಾಕುವ ಮಷಿನ್ನಿನದು. ಆರ್ಡರ್ ಹಾಕಿದಾಕೆ ಶಿವಗಂಗಾ. ಬರೆದ ವಿಳಾಸ ಮಿಯಾಪುರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ತಗಡಿನ ಶೆಡ್ಡು.

"ನಮ್ಮವ್ರಿಗೆ ಕ್ರೇನಿನ ಸೀಟಿ ಕೇಳ್ಸಂಗಿಲ್ರಿ," ಫೋನೆತ್ತಿದ ಶಿವಗಂಗಾ ಹೇಳುತ್ತಾಳೆ. "ಮಷಿನ್ ಬರೋತನಕ ಮ್ಯಾಲ ಹತ್ತಬ್ಯಾಡ ಅಂದಾನ ಮೇಸ್ತ್ರಿ. ಸೋಮವಾರ ಹೋಗ್ಲಿಲ್ಲಂದ್ರ ಬ್ಯಾರೆಯವ್ರನ್ನ ಹಚ್ಗೋತಾನ."

"ಬ್ಯಾಂಕಿನಾಗ ಯಾವ ವಿಳಾಸ ಕೊಟ್ಟೀರಿ ತಾಯಿ?"

"ಊರಿಂದ್ರಿ. ಯಾದಗಿರಿ ಕಡೀದು."

ದಾರಿ ಕೇಳಿದ್ದೇ ತಡ, ಶಿವಗಂಗಾ ಬಸ್ಸು ಇಳಿಯುತ್ತಾಳೆ, ಹಿಟ್ಟಿನ ಗಿರಣಿ ದಾಟುತ್ತಾಳೆ, ಬೇವಿನ ಗಿಡದ ಬಲಕ್ಕೆ ಹೊರಳುತ್ತಾಳೆ. ತಿರುಗಿ ಹೇಳುವಾಗಲೂ ಒಂದು ತಿರುವೂ ತಪ್ಪುವುದಿಲ್ಲ. "ಗಿರಣಿ ಹಂತ್ಯಾಕ ನಾಯಿ ಬೆನ್ನು ಹತ್ತತೈತ್ರಿ, ಜ್ವಾಕಿ" ಎಂದು ಎಚ್ಚರಿಸುತ್ತಾಳೆ ಬೇರೆ. ಮಂದಾಕಿನಿಬಾಯಿಗೆ ನಗು ತಡೆಯದು. ಊರಿನ ವಿಳಾಸ ಕೇಳಿ ಬಿಲ್ಲಿಂಗ್ ವಿಳಾಸದ ಜಾಗದಲ್ಲಿ ತುಂಬುತ್ತಾರೆ, ಬ್ಯಾಂಕಿನದಕ್ಕೆ ತಾಳೆಯಾಗುತ್ತದೆ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಕೆಂಪು ಹಸಿರಾಗುತ್ತದೆ.

ಶನಿವಾರ ಸಾಮಾನು ತಲುಪಿತೇ ಎಂದು ಕೇಳಲು ಮತ್ತೆ ಫೋನ್ ಹಚ್ಚುತ್ತಾರೆ. ಎತ್ತಿದವನು ಶಿವಗಂಗಾಳ ಗಂಡ ಹಂಪಯ್ಯ. ಅವನ ಕಿವಿ ಮಂದವೆಂಬ ನೆನಪಿನಲ್ಲಿ ಮಂದಾಕಿನಿಬಾಯಿ ಕಚೇರಿಯೆಲ್ಲ ತಿರುಗಿ ನೋಡುವಂತೆ ಕೂಗುತ್ತಾರೆ.

"ಮೆಲ್ಲಗ ಮಾತಾಡ್ರಿ ಅಕ್ಕಾರ," ಅನ್ನುತ್ತಾನೆ ಹಂಪಯ್ಯ. "ಎಲ್ಲಾ ಕೇಳಾಕತ್ತೈತಿ."